ವಾಣಿಶ್ರೀಯ ಡಿಜೆ ಯಾಕೆ ನಿಂತಿತು

ಹತ್ತಿಮತ್ತೂರಿನ ಅಗಸಿ ಬಾಗಿಲ ಹತ್ತಿರ ಡಿಜೆ ಗಪ್ಪಾದಾಗ ಮದುಮಗನ ಒಂದು ಕಾಲು ಇನ್ನೂ ಗಾಳಿಯಲ್ಲಿತ್ತು. ಟವೆಲ್ಲು ಬೀಸಿ ಕುಣಿಯುತ್ತಿದ್ದ ಸೋದರಮಾವಂದಿರು, ಸೀಟಿ ಹೊಡೆಯುತ್ತಿದ್ದ ಗೆಳೆಯರು, ಎಲ್ಲರೂ ಹಾಡು ಎಲ್ಲಿ ಹೋಯಿತೆಂದು ಗಾಡಿಯ ಕಡೆ ತಿರುಗಿದರು. ಗಾಡಿಯ ಮೇಲೆ, ಮಿಕ್ಸರಿನ ಮುಂದೆ ನಿಂತಿದ್ದವಳು ವಾಣಿಶ್ರೀ.

ಆಕೆ ಒಂದು ವೈರು ಅಲುಗಾಡಿಸಿದಳು. ಪೆಟ್ಟಿಗೆಗಳು ಗುರ್ ಅಂದವು. ಇನ್ನೊಂದು ಅಲುಗಾಡಿಸಿದಳು. ಮತ್ತೆ ಮೌನ. ಸ್ವಲ್ಪ ಹೊತ್ತಿಗೆ ಯಾರೂ ಏನೂ ಮಾಡದಿದ್ದರೂ ಹಾಡು ತಾನಾಗಿ ಶುರುವಾಯಿತು. ಆದರೆ ಅಷ್ಟರಲ್ಲಿ ಮದುಮಗನ ಅಪ್ಪ ಕುಬೇರಪ್ಪ ಗಾಡಿಯ ಬುಡಕ್ಕೆ ಬಂದು ನಿಂತಿದ್ದ.

"ಏನವಾ ತಂಗಿ, ಮದಿವಿ ಮನಿಯಾಗ ಇದೆಂಥಾ ಅಪಶಕುನ?"

"ಮಿಷಿನ್ ಕೈ ಕೊಟ್ಟೈತ್ರಿ ಯಜಮಾನ್ರ. ಶಕುನ ಎಲ್ಲಿಂದ ಬಂತು?" ಅಂದಳು ವಾಣಿಶ್ರೀ.

ಗುಂಪಿನೊಳಗಿಂದ ಒಂದು ಹೆಂಗಸಿನ ದನಿ, ಬೇಕಂತಲೇ ಕೇಳುವಷ್ಟು ಜೋರಾಗಿ, "ಗಂಡನ್ನ ನುಂಗಿದಾಕಿ ಕೈಯಾಗ ಕೊಟ್ರ ಮತ್ತೇನಾಗತೈತಿ?" ಅಂದಿತು.

ಗಂಡಸಿನ ಗಾಡಿ ಕೆಟ್ಟರೆ ಗಾಡಿ ಕೆಟ್ಟಿತು ಅನ್ನುತ್ತಾರೆ. ಗಂಡ ಸತ್ತವಳ ಗಾಡಿ ಕೆಟ್ಟರೆ ಅವಳ ಕೈಗುಣ ಕೆಟ್ಟದ್ದು ಅನ್ನುತ್ತಾರೆ. ಇಂಥ ನ್ಯಾಯ ಹೇಳುವುದಕ್ಕೆ ನಮ್ಮ ಸೀಮೆಯಲ್ಲಿ ಪಂಚರು ಬೇಕಾಗಿಲ್ಲ, ಮದುವೆಗೆ ಬಂದ ಮಂದಿಯೇ ಸಾಕು.

ವಾಣಿಶ್ರೀಯ ಗಂಡ ಮಾಲತೇಶ ಶಿಗ್ಗಾವಿಯಲ್ಲಿ ಈ ಸೆಟ್ಟು ಕಟ್ಟಿದವನು. ಸಣ್ಣ ಗೂಡ್ಸ್ ಗಾಡಿ, ಅದರ ಎರಡೂ ಬದಿಗೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆ, ನಡುವೆ ಆಂಪ್ಲಿಫೈಯರುಗಳ ಕಬ್ಬಿಣದ ಕಪಾಟು. ಕಟ್ಟಿದವನು ಅವನು ಅಂತ ಊರು ಹೇಳುತ್ತದೆ. ಬೆಸುಗೆ ಹಾಕಿದವಳು, ವೈರಿಗೆ ಬಣ್ಣಬಣ್ಣದ ಪಟ್ಟಿ ಸುತ್ತಿ ಗುರುತು ಮಾಡಿದವಳು ವಾಣಿಶ್ರೀ. ಮಾಲತೇಶನಿಗೆ ಅಂಥ ಸಣ್ಣ ಕೆಲಸಕ್ಕೆ ಕಣ್ಣು ಸಾಲುತ್ತಿರಲಿಲ್ಲ. "ಪೂರ್ತಿ ಕೆಟ್ಟ ಮಿಷಿನ್ನು ಚಲೋ, ಎಲ್ಲಿ ಕೆಟ್ಟೈತಿ ಅಂತ ತೋರಸತೈತಿ. ಒಮ್ಮೆ ಹಾಡಿ ಒಮ್ಮೆ ನಿಲ್ಲೂದು ಐತಲ್ಲ, ಅದು ಕಳ್ಳ," ಅನ್ನುತ್ತಿದ್ದ. ಅವನಿಗೆ ಕಾಮಾಲೆ ಬಂದು, ನಾಟಿ ಔಷಧ ಅಂತ ಊರೂರು ಸುತ್ತಿ, ಕೊನೆಗೆ ಹುಬ್ಬಳ್ಳಿಗೆ ಒಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು. ಅವನು ಹೋದ ಮೇಲೆ ಆಕೆ ಸೆಟ್ಟನ್ನು ಶೆಡ್ಡಿನಲ್ಲಿ ಕೊಳೆಯಲು ಬಿಡಲಿಲ್ಲ. ಮೈದುನ ಚನ್ನೇಶ ಗಾಡಿ ಓಡಿಸುತ್ತಾನೆ, ಹಾಡು ತಾನು ಹಚ್ಚುತ್ತೇನೆ ಅಂದಳು. ಅತ್ತೆ ಸುಶೀಲವ್ವ ಬ್ಯಾಡ ಅನ್ನಲಿಲ್ಲ. ಒಂದೇ ಮಾತು ಹೇಳಿದಳು.

"ಯವ್ವಾ, ಪೂಜಿ ಹೊತ್ತಿನ್ಯಾಗ ನೀ ಒಂಚೂರು ಮರಿಗಿ ನಿಂದರು. ಮಂದಿ ಬಾಯಿ ಮುಚ್ಚಾಕ ಆಗೂದಿಲ್ಲ."

ನಮ್ಮ ಕಡೆ ಯಾವ ಮೆರವಣಿಗೆಯಾದರೂ ಮೊದಲ ಹಾಡಿಗೆ ಮುಂಚೆ ಡಿಜೆಗೆ ಪೂಜೆ ಆಗಬೇಕು. ವಿಭೂತಿ, ಕುಂಕುಮ, ಊದಿನಕಡ್ಡಿ, ಕಾಯಿ. ಮಾಲತೇಶ ಇದ್ದಾಗ ಗಾಲಿಯ ಹತ್ತಿರ ಕಾಯಿ ಒಡೆಯುವವನು ಅವನು, ಕುಂಕುಮ ಹಚ್ಚುವವಳು ವಾಣಿಶ್ರೀ. ಈಗ ಎರಡೂ ಚನ್ನೇಶನ ಪಾಲಿಗೆ ಬಂದಿದ್ದವು, ಆಕೆ ಆ ಹೊತ್ತಿಗೆ ಜನರೇಟರಿನ ಡೀಸೆಲ್ ನೋಡುವ ನೆಪ ಮಾಡಿ ಗಾಡಿಯ ಆಚೆ ಬದಿಗೆ ಹೋಗುತ್ತಿದ್ದಳು. ಡೀಸೆಲ್ ತುಂಬಿಯೇ ಇರುತ್ತಿತ್ತು. ಅವಮಾನ ಅನಿಸುತ್ತಿತ್ತು, ಆದರೂ ಹೋಗುತ್ತಿದ್ದಳು.

ಹತ್ತಿಮತ್ತೂರಿನಿಂದ ಬಂದ ಮರುದಿನ ಆಕೆ ಸೆಟ್ಟನ್ನು ಅಂಗಳದಲ್ಲಿ ನಿಲ್ಲಿಸಿ ಕಳ್ಳನನ್ನು ಹುಡುಕಲು ಕೂತಳು. ಜನರೇಟರ್ ಬಿಟ್ಟು ಮನೆಯ ಕರೆಂಟಿಗೆ ಹಚ್ಚಿದಳು. ಹಾಡಿತು. ಮಿಕ್ಸರ್ ಬದಲಿಸಿದಳು. ಹಾಡಿತು. ಒಂದು ಸಲಕ್ಕೆ ಒಂದೇ ವೈರು ಬದಲಿಸುತ್ತ ಹೋದಳು, ಎರಡು ಬದಲಿಸಿದರೆ ತಪ್ಪು ಯಾವುದರದೆಂದು ತಿಳಿಯುವುದಿಲ್ಲ. ಪೆಟ್ಟಿಗೆಗೆ ಕೈಯಿಂದ ಗುದ್ದಿದಳು, ವೈರು ಎಳೆದಳು, ತಿರುಚಿದಳು. "ನಿಲ್ಲಲೇ! ಮಂದಿ ಮುಂದ ನಿಂತಿ, ನನ್ನ ಮುಂದ ನಿಲ್ಲು!" ಅಂತ ಬೈದಳು. ಅದು ಸಂಭಾವಿತರ ಮಗಳಂತೆ ಸಂಜೆತನಕ ಹಾಡಿತು. ಆಂಪ್ಲಿಫೈಯರಿನ ಹಿಂದೆ ಇರುವೆಗಳ ಸಾಲು ಕಂಡಿತು. ಶೆಡ್ಡಿನಲ್ಲಿ ಬೆಲ್ಲದ ಪೆಂಟೆ ಇಟ್ಟಿದ್ದಕ್ಕೆ ಅತ್ತೆಯನ್ನು ಬೈದುಕೊಂಡು, ಅರಿವೆಯಿಂದ ಒರೆಸಿ ಸುಮ್ಮನಾದಳು.

ಮುಂದೆ ರಟ್ಟೀಹಳ್ಳಿಯಲ್ಲಿ ನಿಂತಿತು. ಹಿರೇಕೆರೂರಿನ ಗಣಪತಿ ಮೆರವಣಿಗೆಯಲ್ಲಂತೂ ಎರಡು ಸಲ ನಿಂತು, ಹುಡುಗರು ಗಾಡಿಯ ಮೇಲೆ ನೀರಿನ ಬಾಟಲಿ ಎಸೆದರು. ಚನ್ನೇಶ ಕೆಟ್ಟವನಲ್ಲ. ಭಕ್ತಿ ಕೊಂಚ ಜಾಸ್ತಿ, ತಲೆ ಕೊಂಚ ಕಡಿಮೆ, ಅಷ್ಟೇ. ಪ್ರತಿ ಸಲ ನಿಂತಾಗಲೂ ಮುಂದಿನ ಸಲಕ್ಕೆ ಪೂಜೆ ಹೆಚ್ಚಿಸುತ್ತಿದ್ದ. ಒಂದು ಕಾಯಿ ಇದ್ದದ್ದು ಎರಡಾಯಿತು, ಎರಡು ಮೂರಾಯಿತು. ಗಣಪತಿಯ ಮರುದಿನ ಅವನು ಅವ್ವನ ಮುಂದೆಯೇ ಮಾತು ತೆಗೆದ.

"ವೈನಿ, ಸಿಟ್ಟಾಗಬ್ಯಾಡ್ರಿ. ಅಣ್ಣ ಇದ್ದಾಗ ಇದು ಒಂದ ಸಲಾನೂ ನಿಂತಿಲ್ಲ. ಸೆಟ್ ನನಗ ಬಿಡ್ರಿ. ನೀವು ಮನ್ಯಾಗ ಆರಾಮ ಇರ್ರಿ."

"ಆರಾಮ ಇರಾಕ ನನಗೇನ್ ಜಡ್ಡ ಬಂದೈತೇನು?" ವಾಣಿಶ್ರೀಯ ಸಿಟ್ಟು ನೆತ್ತಿಗೇರಿತು. "ಅಣ್ಣ ಇದ್ದಾಗ ವೈರ್ ಬೆಸದಾಕಿ ಯಾರು? ನಾನ. ಆವಾಗ ಚಲೋ ಇದ್ದ ಕೈ ಈಗ ಹೆಂಗ ಕೆಟ್ಟಿತು?"

ಚನ್ನೇಶ ನೆಲ ನೋಡಿದ. ಸುಶೀಲವ್ವ ಸೆರಗಿನ ಚುಂಗು ತಿರುವುತ್ತ ಕೂತಳು. ಇಬ್ಬರೂ ಅದನ್ನು ನಂಬಿದ್ದಾರೆ ಅಂತ ಆಗ ವಾಣಿಶ್ರೀಗೆ ತಿಳಿಯಿತು. ಹೊರಗಿನವರ ಮಾತು ಚರ್ಮಕ್ಕೆ ತಾಗಿತ್ತು, ಇದು ಎದೆಗೆ ತಾಗಿತು.

ಸೊಂಟದಲ್ಲಿದ್ದ ಶೆಡ್ಡಿನ ಕೀಲಿ ತೆಗೆದು ತೋರಿಸಿದಳು. "ದೀಪಾವಳಿ ಆದಮ್ಯಾಲ ಆಡೂರಾಗ ಉಳಿವೆಪ್ಪನವರ ಹೋರಿ ಮೆರವಣಿಗಿ ಐತಿ. ಅಲ್ಲಿ ಡಿಜೆ ನಿಂತ್ರ ಈ ಕೀಲಿ ನಿನ್ನ ಕೈಯಾಗ ಇಡ್ತೇನಿ. ನಿಲ್ಲಲಿಲ್ಲಂದ್ರ ಈ ಮನ್ಯಾಗ ಯಾರೂ ನನ್ನ ಕೈಗುಣದ ಮಾತು ಎತ್ತಬಾರದು. ಆತಿಲ್ಲ?"

"ಆತ್ರಿ," ಅಂದ ಚನ್ನೇಶ.

ಮಾತು ಆಡಿಯಾಗಿತ್ತು. ಕಳ್ಳ ಯಾರೆಂದೇ ಗೊತ್ತಿಲ್ಲದೆ ಮನೆ ಪಣಕ್ಕಿಟ್ಟ ಹಾಗಾಗಿತ್ತು. ಸೆಟ್ಟು ಹೋದರೆ ಅವಳಿಗೆ ಉಳಿಯುವುದು ಒಲೆ, ಕಸಬರಿಗೆ ಮತ್ತು ಕೈಗುಣದ ಆ ಮಾತು.

ಆಡೂರಿಗೆ ಮುಂಚೆ ಸವಣೂರಿನದೊಂದು ಕೆಲಸ ಇತ್ತು. ಅಖ್ತರುನ್ನೀಸಾ ಎಂಬ ಹೆಂಗಸು ತಾನೇ ಫೋನು ಮಾಡಿದ್ದಳು. ಮಗಳು ಮಾಹೀರಾಳ ಅರಿಶಿಣದ ಕಾರ್ಯ, ಬರೀ ಹೆಂಗಸರದು. "ಗಂಡಸರ ಡಿಜೆ ಬಂದ್ರ ನಮ್ಮ ಹುಡುಗ್ಯಾರು ಕುಣಿಯೂದಿಲ್ರಿ. ನೀವ ಬರಬೇಕು," ಅಂದಿದ್ದಳು. ಹೆಂಗಸಾಗಿದ್ದಕ್ಕೇ ಒಬ್ಬರು ಕರೆದದ್ದು ಅದೇ ಮೊದಲು. ಚನ್ನೇಶ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಮರ್ಯಾದೆಯಿಂದ ಹೊರಗೆ ಚಹಾದಂಗಡಿಗೆ ಹೋದ.

ಮಧ್ಯಾಹ್ನವೆಲ್ಲ ಡಿಜೆ ಹಾಡಿತು. ಓಣಿಯ ತಗಡುಗಳು ನಡುಗುವಷ್ಟು ಜೋರಾಗಿ ಹಚ್ಚಿದರೂ ಒಂದು ಸಲ ಕೆಮ್ಮಲಿಲ್ಲ. ಮಾಹೀರಾಳ ಅಜ್ಜಿ ಮೊಣಕಾಲು ಹಿಡಿದುಕೊಂಡೇ ಕುಣಿದಳು. ವಾಣಿಶ್ರೀಗೆ ಮಾತ್ರ ಕುಣಿಯಲು ಮನಸ್ಸು ಬರಲಿಲ್ಲ. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಅಂತ ಒಂದು ಕೈ ವೈರಿನ ಮೇಲೇ ಇತ್ತು.

ಹಾಡಿನ ನಡುವೆ ಅಖ್ತರುನ್ನೀಸಾ ಶರಬತ್ತಿನ ಗ್ಲಾಸು ತಂದು ಆಂಪ್ಲಿಫೈಯರಿನ ಮೇಲೆ ಇಟ್ಟಳು. ವಾಣಿಶ್ರೀ ಹಾವು ಕಂಡವಳಂತೆ ಅದನ್ನು ಎತ್ತಿ ಕೆಳಗಿಟ್ಟಳು.

"ಅಕ್ಕಾರ, ಇದರ ಮ್ಯಾಲ ಬ್ಯಾಡ್ರಿ. ಸಕ್ಕರಿ ನೀರು ಒಳಗ ಹೋದ್ರ ಮುಗೀತು."

ಅಂದವಳು ಹಾಗೇ ನಿಂತುಬಿಟ್ಟಳು. ತನ್ನ ಮಾತು ತನಗೇ ಕೇಳಿಸಿತ್ತು. ಸಕ್ಕರೆ ನೀರು. ಇರುವೆ. ಇಲ್ಲಿ ಇವರು ಕಾಯಿ ಒಡೆದಿಲ್ಲ.

ಕಾರ್ಯ ಮುಗಿದ ಕೂಡಲೇ ಕರೆಂಟು ತೆಗೆದು ಆಂಪ್ಲಿಫೈಯರುಗಳ ಹಿಂಬದಿಗೆ ಹೋಗಿ ಕೂತಳು. ವೈರು ಸುಲಭಕ್ಕೆ ಕೈಗೆ ಸಿಗಲಿ ಎಂದು ಮಾಲತೇಶ ಆಂಪ್ಲಿಫೈಯರುಗಳ ಬೆನ್ನನ್ನು ಗಾಡಿಯ ಬಾಗಿಲ ಕಡೆಗೆ ಮಾಡಿ ಕೂರಿಸಿದ್ದ. ಪೂಜೆಗೆ ನಿಂತವರಿಗೆ ಎದುರಾಗುವುದು ಆ ಬೆನ್ನೇ. ಚನ್ನೇಶ ಅದನ್ನೇ ಮುಖವೆಂದು ತಿಳಿದು, ಕಾಯಿನೀರನ್ನು ಬೊಗಸೆಯಲ್ಲಿ ಹಿಡಿದು ಚಿಮುಕಿಸುತ್ತಿದ್ದ. ವೈರಿನ ತುದಿಯ ಪಿನ್ನು ಕಿತ್ತು ನೋಡಿದಳು. ಸಂದಿಯೊಳಗೆ ವಿಭೂತಿ ಕಲೆಸಿದ ಅಂಟು, ಅಂಟಿನಲ್ಲೊಂದು ಸತ್ತ ಇರುವೆ. ಬೆರಳಿಗೆ ಹಚ್ಚಿಕೊಂಡು ನಾಲಗೆಗೆ ಮುಟ್ಟಿಸಿದಳು. ಸಿಹಿ ಇತ್ತು.

ನೀರು ಹಸಿಯಿದ್ದಾಗ ಪಿನ್ನಿಗಿಳಿದು ದನಿ ಕೆಡಿಸುತ್ತಿತ್ತು. ಮಿಷಿನ್ನು ಕಾದಂತೆ ಒಣಗಿ ಸರಿಯಾಗುತ್ತಿತ್ತು. ಮರುದಿನ ಅಂಗಳದಲ್ಲಿ ಹುಡುಕಿದರೆ ಕಳ್ಳ ಹೋಗಿಯಾಗಿರುತ್ತಿದ್ದ. ಅವನು ಬರುತ್ತಿದ್ದ ಹೊತ್ತು ಒಂದೇ, ಅವಳನ್ನು ಮರೆಗೆ ಕಳಿಸುತ್ತಿದ್ದ ಹೊತ್ತು. ವಾಣಿಶ್ರೀಗೆ ಚನ್ನೇಶನ ಮೇಲೆ ಬಂದ ಸಿಟ್ಟು ಚೂರು. ಹೋಗು ಅಂದಾಗ ಹೋಗಿ ನಿಂತ ತನ್ನ ಮೇಲೆ ಬಂದದ್ದು ಬಹಳ.

ಮನೆಗೆ ಹೋಗಿ ಹೇಳಲಿಲ್ಲ. ಹೇಳಿದ್ದರೆ ಅಡಿಗೆಮನೆಯಲ್ಲೇ ಮುಗಿಯುತ್ತಿತ್ತು. ಮಾತು ಬೀದಿಯಲ್ಲಿ ಬಂದಿತ್ತು, ಬೀದಿಯಲ್ಲೇ ತೀರಬೇಕು. ಪಿನ್ನುಗಳನ್ನೆಲ್ಲ ಸ್ಪಿರಿಟಿನಿಂದ ತಿಕ್ಕಿ ತೊಳೆದು, ಒಣಗಿಸಿ, ಆಡೂರಿನ ದಿನಕ್ಕೆ ಕಾದಳು.

ಆಡೂರಿನಲ್ಲಿ ಉಳಿವೆಪ್ಪನ ಹೋರಿ ಮೈತುಂಬ ಕೊಬ್ಬರಿ ಬಟ್ಟಲು, ಕೋಡಿಗೆ ಬಲೂನು ಕಟ್ಟಿಸಿಕೊಂಡು ಮದುಮಗನಿಗಿಂತ ಹೆಚ್ಚು ಜಂಬದಿಂದ ನಿಂತಿತ್ತು. ಊರಿನ ಗಂಡಸರೆಲ್ಲ ಅಲ್ಲೇ ಇದ್ದರು. ಸುಶೀಲವ್ವ ಕೂಡ ಎಂದೂ ಬರದವಳು ಅವತ್ತು ಬಂದಿದ್ದಳು. ಚನ್ನೇಶ ಕಾಯಿಗಳನ್ನು ಸಾಲಾಗಿಟ್ಟು ಎಂದಿನಂತೆ ಮೆಲ್ಲಗೆ ಅಂದ, "ವೈನಿ, ಜನರೇಟರ್ ಕಡೆ..."

"ಜನರೇಟರ್ ಆರಾಮ ಐತಿ," ಅಂದಳು ವಾಣಿಶ್ರೀ. "ನಾ ಇಲ್ಲೇ ನಿಂದರ್ತೇನಿ."

ಚನ್ನೇಶ ಅವ್ವನ ಮುಖ ನೋಡಿದ. ಬೇರೆ ದಾರಿ ಕಾಣದೆ ಕಾಯಿ ಎತ್ತಿದ. ವಾಣಿಶ್ರೀ ಎಲ್ಲರ ಎದುರಿಗೆ ಅವನ ಮಣಿಕಟ್ಟು ಹಿಡಿದಳು.

"ಇದರ ಮ್ಯಾಲ ಒಂದ ಹನಿ ನೀರ ಬೀಳಬಾರದು, ಚನ್ನೇಶ. ನೀ ಮುಖ ಅಂತ ಪೂಜಿ ಮಾಡೂದು ಇದರ ಬೆನ್ನು. ಹತ್ತಿಮತ್ತೂರಾಗ ನಿಲ್ಲಿಸಿದ್ದು ನಿನ್ನ ಕಾಯಿನೀರು. ಹಿರೇಕೆರೂರಾಗ ನಿಲ್ಲಿಸಿದ್ದೂ ಅದ. ಆ ಸಂದ್ಯಾಗಿನ ಇರುವಿ ಸತ್ತಿದ್ದು ನನ್ನ ಕೈಗುಣಕ್ಕ ಅಲ್ಲ, ನಿನ್ನ ಭಕ್ತಿಗೆ."

ಯಾರೋ ನಕ್ಕರು. ಒಬ್ಬ ಹಿರಿಯ, "ದೇವರ ತೀರ್ಥಕ್ಕ ಹಂಗನಬಾರದವಾ," ಅಂದ.

"ದೇವರ ತೀರ್ಥ ದೇವರ ಮ್ಯಾಲ ಹಾಕ್ರಿ. ಕರೆಂಟಿನ ಮ್ಯಾಲ ಯಾಕ?"

ಗುಂಪು ಗುಜುಗುಜು ಅಂದಿತು. ಹೋರಿ ಹಗ್ಗ ಜಗ್ಗತೊಡಗಿತು. ಉಳಿವೆಪ್ಪನಿಗೆ ತೀರ್ಥವೂ ಬೇಕಿರಲಿಲ್ಲ, ನ್ಯಾಯವೂ ಬೇಕಿರಲಿಲ್ಲ. "ಹೋರಿ ತಡಿಯಾಂಗಿಲ್ಲೋ! ಯಾರರೆ ಒಡೀರಿ, ಎಲ್ಲರೆ ಒಡೀರಿ, ಹಾಡು ಹಚ್ರಿ!" ಅಂತ ಒದರಿದ.

ನಮ್ಮ ಕಡೆ ಹೆಂಗಸರು ಕಾಯಿ ಒಡೆಯುವ ಪದ್ಧತಿ ಇಲ್ಲ. ಗಂಡ ಸತ್ತವಳಂತೂ ಪೂಜೆಯ ಕಾಯಿ ಮುಟ್ಟುವುದೂ ಇಲ್ಲ. ವಾಣಿಶ್ರೀ ಚನ್ನೇಶನ ಕೈಯಿಂದ ಕಾಯಿ ಕಿತ್ತುಕೊಂಡು ಗಾಡಿಯ ಮುಂದಿನ ಗಾಲಿಯ ಹತ್ತಿರ ಹೋದಳು. ಯಾರೂ ತಡೆಯಲಿಲ್ಲ, ತಡೆಯಬೇಕೆಂದು ಹೊಳೆಯುವಷ್ಟರಲ್ಲಿ ಕಾಯಿ ಕಲ್ಲಿಗೆ ಬಿದ್ದಿತ್ತು. ಸರಿಯಾಗಿ ಎರಡು ಹೋಳಾಯಿತು. ಓರೆ ಒಡೆದಿದ್ದರೆ ಆ ಊರು ಒಂದು ವರ್ಷ ಅದನ್ನೇ ಮಾತಾಡುತ್ತಿತ್ತು. ನೀರು ಮಣ್ಣಿಗೆ ಹೋಯಿತು. ಆಕೆ ಒಣ ಬೆರಳಿಂದ ಕಪಾಟಿಗೆ ಕುಂಕುಮ ಹಚ್ಚಿ, ಗಾಡಿ ಹತ್ತಿ, ಹಾಡು ಹಚ್ಚಿದಳು.

ಗುಡಿಯಿಂದ ಕೆರೆಯ ಏರಿತನಕ, ಏರಿಯಿಂದ ಮತ್ತೆ ಉಳಿವೆಪ್ಪನ ಮನೆತನಕ ಡಿಜೆ ಹಾಡಿತು. ಹೋರಿ ದಣಿಯಿತು, ಹುಡುಗರು ದಣಿದರು, ಅದು ನಿಲ್ಲಲಿಲ್ಲ. ಈ ಸಲ ವಾಣಿಶ್ರೀ ವೈರು ಹಿಡಿದು ನಿಂತಿರಲಿಲ್ಲ. ಎರಡೂ ಕೈ ಮಿಕ್ಸರಿನ ಮೇಲಿದ್ದವು.

ಮನೆಗೆ ಬಂದಾಗ ಚನ್ನೇಶ ಕೀಲಿಯ ಸುದ್ದಿ ತೆಗೆಯಲಿಲ್ಲ. ಸುಶೀಲವ್ವ ಸೊಸೆಯ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ಮರಿಗಿ ನಿಂದರು ಅಂತ ನಾ ಹೇಳಬಾರದಿತ್ತು," ಅಂದಳು.

"ಹೌದ್ರಿ ಅತ್ತಿ, ಹೇಳಬಾರದಿತ್ತು," ಅಂದಳು ವಾಣಿಶ್ರೀ. ಹೋಗಲಿ ಬಿಡ್ರಿ ಅನ್ನುವುದು ಅವಳ ಬಾಯಿಗೆ ಬರಲಿಲ್ಲ. ರೊಟ್ಟಿ ಮಾತ್ರ ಮುರಿದು ತಿಂದಳು.

ಮೊನ್ನೆ ಹತ್ತಿಮತ್ತೂರಿನ ಕುಬೇರಪ್ಪನ ಫೋನು ಬಂತು. ಎರಡನೇ ಮಗನ ಮದುವೆ. ಆಡೂರಿನ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಡಿಜೆ ನಿಮ್ಮದೇ ಆಗಲಿ ಅಂದವನು, ಸ್ವಲ್ಪ ಕೆಮ್ಮಿ, ರಾಗ ಎಳೆದ.

"ಆದ್ರ ತಂಗಿ, ಪೂಜಿ ನಮ್ಮ ಮನಿ ಮುತ್ತೈದ್ಯಾರು ಮಾಡ್ತಾರ. ನೀ ಆ ಹೊತ್ತಿನ್ಯಾಗ ಒಂಚೂರು..."

"ಹಂಗಾರ ಬ್ಯಾರೆ ಸೆಟ್ ನೋಡ್ರಿ," ಅಂದು ವಾಣಿಶ್ರೀ ಫೋನು ಇಟ್ಟಳು.

ಚನ್ನೇಶ ಗಾಡಿಯ ಟೈರು ಒರೆಸುವುದನ್ನು ಬಿಟ್ಟು ಬಾಯಿ ತೆರೆದು ನೋಡಿದ. ಚಹಾ ಕುಡಿದು ಮುಗಿಯುವಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಅದೇ ಕುಬೇರಪ್ಪ.

"ಆತವಾ, ನೀ ಹೇಳಿದಂಗ ಆಗಲಿ. ಪೂಜಿಗೆ ನಾವೇನ್ ತರಬೇಕು?"

"ಕಾಯಿ ತರ್ರಿ ಯಜಮಾನ್ರ," ಅಂದಳು ವಾಣಿಶ್ರೀ. "ಒಡಿಯಾಕಿ ನಾನು."