ಹನ್ನೆರಡು ಸೀಸೆ, ಒಂದೇ ನೀರು

ಯೆರ್ಕೊ ವಿದೋಶ್ ಪಿಎಚ್‌ಡಿ ಮುಗಿಸಲು ಏಳು ವರ್ಷ ತೆಗೆದುಕೊಂಡ. ಆ ಏಳು ವರ್ಷಗಳಲ್ಲಿ ಅವನ ಬೂಟು ಒದ್ದೆಯಾದದ್ದು ಮೊದಲ ಬೇಸಿಗೆಯಲ್ಲಿ ಮಾತ್ರ. ಯಾರೋ ಹೇಳಿದ್ದನ್ನು ಕೇಳಿಕೊಂಡು ನಾನಿದನ್ನು ಹೇಳುತ್ತಿಲ್ಲ. ಅವನು ಓದಿದ ವಿಶ್ವವಿದ್ಯಾಲಯದ ಪರಿಸರ ಸಂಸ್ಥೆಯಲ್ಲಿ ನೀರು ಪರೀಕ್ಷೆಯ ಪ್ರಯೋಗಾಲಯ ನೋಡಿಕೊಂಡು ಇಪ್ಪತ್ತಾರು ವರ್ಷ ದುಡಿದವಳು ನಾನು. ಹೆಸರು ನೆದಾ. ಸಂಶೋಧಕರು ಸೀಸೆಯಲ್ಲಿ ನೀರು ತಂದು ಕೊಡುತ್ತಿದ್ದರು, ಅದರಲ್ಲಿ ಏನೇನಿದೆ ಎಂದು ನಾನು ಬರೆದು ಸಹಿ ಹಾಕಿ ಕೊಡುತ್ತಿದ್ದೆ. ಯಾರು ಕಾಲುವೆಗೆ ಇಳಿದಿದ್ದಾರೆ, ಯಾರು ದಡದಲ್ಲೇ ನಿಂತು ಬಂದಿದ್ದಾರೆ ಎನ್ನುವುದು ಸೀಸೆಯ ಹೊರಮೈ ನೋಡಿದರೇ ತಿಳಿಯುತ್ತಿತ್ತು.

ಅವನು ಸೇರಿದ ವರ್ಷ ಸಂಸ್ಥೆಯಲ್ಲಿ ಹೊಸ ಬಗೆಯ ಪಿಎಚ್‌ಡಿ ಶುರುವಾಗಿತ್ತು. ಹೆಸರು ಅಂತರ್‌ಶಿಸ್ತೀಯ. ಎಂದರೆ ನೀರಿನ ವಿಜ್ಞಾನ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಮೂರನ್ನೂ ಸೇರಿಸಿ ಪರಿಸರವನ್ನು ಓದಬೇಕು. ಒಬ್ಬ ವಿದ್ಯಾರ್ಥಿಗೆ ಮೂವರು ಮಾರ್ಗದರ್ಶಕರು. ಉದ್ದೇಶ ಒಳ್ಳೆಯದೇ. ನಮ್ಮ ನೆರೆತ್ವಾ ಕಣಿವೆಯಲ್ಲಿ ಬೇಸಿಗೆಗೆ ನದಿ ಸೊರಗಿದೊಡನೆ ಸಮುದ್ರ ಒಳಗೆ ಬರುತ್ತದೆ. ಉಪ್ಪುನೀರು ಭಾರ, ಸಿಹಿನೀರಿನ ಅಡಿಯಲ್ಲಿ ತೆವಳಿಕೊಂಡು ಬರುತ್ತದೆ; ಮೇಲಿನಿಂದ ನೋಡಿದವನಿಗೆ ಏನೂ ಕಾಣುವುದಿಲ್ಲ. ಅದನ್ನು ತಡೆಯುವ ಕಾಲುವೆಯ ತೂಬು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎನ್ನುವುದು ಪ್ರತಿ ವರ್ಷದ ಜಗಳ. ಅದನ್ನು ಬಿಡಿಸಬೇಕಾದರೆ ನೀರಿನ ಸಂಗತಿಯೂ ಬೇಕು, ಕಿತ್ತಳೆ ಬೆಳೆಯುವವರ ಮಾತೂ ಬೇಕು. ಯೆರ್ಕೊ ಆರಿಸಿಕೊಂಡ ವಿಷಯ ಅದೇ.

ಮೊದಲ ಬೇಸಿಗೆಯಲ್ಲಿ ಅವನು ನಿಜವಾಗಿಯೂ ದುಡಿದ. ಒಪುಜೆನ್ ಪಟ್ಟಣದ ಹತ್ತಿರದ ದೊಡ್ಡ ಕಾಲುವೆಯ ತೂಬು ನೋಡಿಕೊಳ್ಳುವ ಮಾಂಡಾ ಎಂಬ ಎಪ್ಪತ್ತರ ವಿಧವೆ ಅವನಿಗೆ ಕೆಲಸ ಕಲಿಸಿದಳು. ಸೀಸೆಗೆ ಕಲ್ಲು ಕಟ್ಟಿ ತಳಕ್ಕೆ ಬಿಟ್ಟು, ಅಲ್ಲಿಗೆ ಮುಟ್ಟಿದ ಮೇಲೆ ದಾರದಿಂದ ಬಿರಡೆ ಎಳೆದು ಅಡಿಯ ನೀರನ್ನೇ ತುಂಬಿಕೊಳ್ಳುವುದು ಅವಳ ಪದ್ಧತಿ. ಎರಡು ತಿಂಗಳು ಅವನು ಅವಳ ದೋಣಿಯಲ್ಲಿ ಸುತ್ತಿದ. ಸೀಸೆಗಳು ಕೆಸರು ಮೆತ್ತಿಕೊಂಡೇ ನನ್ನ ಮೇಜಿಗೆ ಬರುತ್ತಿದ್ದವು.

ಆ ಕೆಲಸವನ್ನು ಲೇಖನ ಮಾಡಿ ಸಂಶೋಧನಾ ಪತ್ರಿಕೆಗೆ ಕಳಿಸಿದ. ಪತ್ರಿಕೆಯ ಪರವಾಗಿ ಅದನ್ನು ಓದಿದ ನೀರಿನ ಪರಿಣತರು ಇದರಲ್ಲಿ ಜನರ ಮಾತೇ ಹೆಚ್ಚು ಎಂದರು. ಸಮಾಜದ ಪರಿಣತರು ನೀರಿನ ಅಂಕಿಯೇ ಹೆಚ್ಚು ಎಂದರು. ಮೂರನೆಯವರು ಇದು ಯಾವ ಶಾಸ್ತ್ರ ಎಂದು ಕೇಳಿ ವಾಪಸ್ ಕಳಿಸಿದರು. ಅಂದು ಅವನು ಪ್ರಯೋಗಾಲಯಕ್ಕೆ ಬಂದು ಸ್ಟೂಲಿನ ಮೇಲೆ ಕೂತ.

"ನೋಡಿ ನೆದಕ್ಕ, ಎರಡು ತಿಂಗ್ಳು ಸೊಳ್ಳೆ ಕೈಲಿ ಕಚ್ಚಿಸ್ಕೊಂಡಿದ್ದಕ್ಕೆ ಇದು ಬಂತು."

"ಇನ್ನೊಂದ್ಸಲ ಬರೆದು ಕಳ್ಸು. ಕೆಲ್ಸ ಚೆನ್ನಾಗಿದೆ."

"ಕೆಲ್ಸ ಯಾರಿಗ್ ಬೇಕಾಗಿದೆ ಇಲ್ಲಿ?"

ಆವತ್ತು ನನಗೆ ಅವನ ಮೇಲೆ ಕನಿಕರ ಹುಟ್ಟಿತ್ತು. ಅದೇ ಕೊನೆ.

ಆಮೇಲೆ ಅವನು ಒಂದು ಉಪಾಯ ಕಂಡುಕೊಂಡ. ಜಲವಿಜ್ಞಾನದ ಪ್ರೊಫೆಸರ್ ಬಾರಿಶಾ ಅಂಕಿಗಳ ಬಗ್ಗೆ ಕೇಳಿದರೆ, "ಸರ್, ನಾನು ಮುಖ್ಯವಾಗಿ ಜನರ ಕಡೆಯವನು" ಎನ್ನುತ್ತಿದ್ದ. ಸಮಾಜಶಾಸ್ತ್ರದ ಪ್ರೊಫೆಸರ್ ಒಲ್ಗಿತ್ಸಾ ಎಷ್ಟು ಮನೆಗೆ ಹೋಗಿ ಮಾತಾಡಿಸಿದೆ ಎಂದರೆ, "ಮೇಡಂ, ನಾನು ಮೂಲತಃ ನೀರಿನವನು" ಎನ್ನುತ್ತಿದ್ದ. ಅರ್ಥಶಾಸ್ತ್ರದವರಿಗೆ ಏನು ಹೇಳುತ್ತಿದ್ದನೋ ಗೊತ್ತಿಲ್ಲ. ಅವರನ್ನು ನಾನು ಏಳು ವರ್ಷದಲ್ಲಿ ಎರಡು ಸಲ ನೋಡಿದೆ, ಎರಡೂ ಸಲ ಊಟದ ಹೊತ್ತಿನಲ್ಲಿ. ತಮ್ಮದಲ್ಲದ ಶಾಸ್ತ್ರದ ಮುಂದೆ ಪಂಡಿತರು ಎಷ್ಟು ಬೇಗ ತಲೆಬಾಗುತ್ತಾರೆ ಎನ್ನುವುದನ್ನು ಅವನು ಚೆನ್ನಾಗಿ ಅರಿತುಕೊಂಡ. ಒಂದು ಹುಲ್ಲಿನ ಟೋಪಿ ಕೊಂಡ. ಮಾಂಡಾಳ ದೋಣಿಯನ್ನು ಗೂಟಕ್ಕೆ ಕಟ್ಟಿದ ಹಾಗೆಯೇ ಬಿಟ್ಟು, ಅದರಲ್ಲಿ ನಿಂತು ಹುಟ್ಟು ಹಿಡಿದು ಫೋಟೋ ತೆಗೆಸಿಕೊಂಡ. ಆ ಫೋಟೋ ಲ್ಯುಬ್ಲಿಯಾನಾ, ತ್ರಿಯೆಸ್ತೆ ಎಂದು ಸಮ್ಮೇಳನದಿಂದ ಸಮ್ಮೇಳನಕ್ಕೆ ತಿರುಗಿತು. ಅದರ ಹಿಂದೆಯೇ ಇವನೂ ತಿರುಗಿದ.

ಐದನೆಯ ವರ್ಷದ ಆಗಸ್ಟಿನಲ್ಲಿ ಹನ್ನೆರಡು ಸೀಸೆ ತಂದಿಟ್ಟ. ಹನ್ನೆರಡು ಕಾಲುವೆಗಳ ಹೆಸರು, ಅಂದವಾದ ಅಕ್ಷರ. ಒಂದರ ಮೈಮೇಲೂ ಕೆಸರಿನ ಕಲೆಯಿಲ್ಲ. ಉಪ್ಪು ಅಳೆದರೆ ಹನ್ನೆರಡಕ್ಕೂ ಒಂದೇ ಅಂಕಿ, ದಶಾಂಶದ ಎರಡನೆಯ ಸ್ಥಾನದವರೆಗೆ. ಒಂದೇ ಕಾಲುವೆಯಲ್ಲಿ ಹತ್ತು ಹೆಜ್ಜೆ ಆಚೆ ಹೋದರೆ ನೀರು ಬದಲಾಗುತ್ತದೆ. ಅವನನ್ನು ಕರೆಸಿದೆ.

"ಇವನ್ನೆಲ್ಲ ಎಲ್ಲಿ ತುಂಬ್ದೆ?"

"ಲೇಬಲ್ ಮೇಲೆ ಇದ್ಯಲ್ಲ ನೆದಕ್ಕ."

"ಓದೋಕೆ ಬರುತ್ತೆ ನಂಗೆ. ಒಂದೇ ಹೊಟ್ಟೇಲಿ ಹುಟ್ಟಿದ ಅವಳಿ ಮಕ್ಳೂ ಇಷ್ಟು ಒಂದೇ ಥರ ಇರಲ್ಲ."

ಅವನು ನಾಚಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ನಕ್ಕ.

"ಸೇತುವೆ ಪಕ್ಕ ಕಾಫಿ ಅಂಗಡಿ ಇದ್ಯಲ್ಲ, ಅದರ ಹಿಂದೆ ಮೇಲಿಂದ್ಲೇ ತುಂಬ್ದೆ. ಬಿಸ್ಲು ಅಕ್ಕ, ತಲೆ ಸುಡ್ತಿತ್ತು. ಎಲ್ಲಾ ಒಂದೇ ನದಿ ನೀರು ತಾನೆ? ಮೊದಲನೇ ವರ್ಷದ ಅಂಕಿ ನೋಡ್ಕೊಂಡು ಇವನ್ನ ಸ್ವಲ್ಪ ಆಚೆ ಈಚೆ ಮಾಡ್ಕೋತೀನಿ ಬಿಡಿ."

ನಾನು ಬಾರಿಶಾ ಅವರ ಹತ್ತಿರ ಹೋದೆ. "ಅವನದ್ದು ಹೆಚ್ಚಾಗಿ ಜನರ ಅಧ್ಯಯನ ಅಲ್ವಾ ನೆದಾ, ಒಲ್ಗಿತ್ಸಾ ನೋಡ್ಕೋತಾರೆ" ಎಂದರು. ಒಲ್ಗಿತ್ಸಾ ಅವರ ಹತ್ತಿರ ಹೋದೆ. "ನೀರಿನ ಅಂಕಿ ನಂಗೇನ್ ಗೊತ್ತಾಗುತ್ತೆ, ಬಾರಿಶಾ ನೋಡಿರ್ತಾರೆ" ಎಂದರು. ವಾಪಸ್ ಬಂದು, ಹನ್ನೆರಡು ಕಾಲುವೆಗಳ ಹೆಸರಿದ್ದ ಫಲಿತಾಂಶದ ಹಾಳೆಗೆ ಸಹಿ ಹಾಕಿದೆ. ಹಾಕದೆ ಇರಬಹುದಿತ್ತು. ಅವನನ್ನು ಬೈಯುವಾಗಲೆಲ್ಲ ಆ ಸಹಿಯನ್ನೂ ನೆನೆಯುತ್ತೇನೆ.

ಏಳನೆಯ ವರ್ಷ, ಮೌಖಿಕ ಪರೀಕ್ಷೆಯ ದಿನ ಬಾರಿಶಾ ಜನರ ಬಗ್ಗೆ ಪ್ರಶ್ನೆ ಕೇಳಿದರು. ಒಲ್ಗಿತ್ಸಾ ನೀರಿನ ಬಗ್ಗೆ ಕೇಳಿದರು. ಇಬ್ಬರಿಗೂ ಉತ್ತರ ಬಹಳ ಹಿಡಿಸಿತು. ಮಧ್ಯಾಹ್ನ ಯೆರ್ಕೊ ಎಲ್ಲರಿಗೂ ನಮ್ಮ ಕಣಿವೆಯ ಔತಣದ ಅಡುಗೆಯಾದ ಹಾವುಮೀನು, ಕಪ್ಪೆಯ ಸಾರು ಹಾಕಿಸಿದ, ಪ್ರಬಂಧದ ಕೊನೆಯಲ್ಲಿದ್ದ, ಆ ಹನ್ನೆರಡು ಸೀಸೆಯ ಅಂಕಿಯಿಂದ ಬಿಡಿಸಿದ ಬಣ್ಣದ ಭೂಪಟದ ಪ್ರತಿ ಹಂಚಿದ. ಅದರಲ್ಲಿ ಮಾಂಡಾಳ ಕಾಲುವೆ ತಿಳಿನೀಲಿ: ಆಗಸ್ಟ್ ಮುಗಿಯುವವರೆಗೆ ತೂಬು ತೆರೆದಿಡಬಹುದು, ನೀರೆತ್ತಬಹುದು.

ಅದನ್ನು ಅಲ್ಲಿಗೇ ಬಿಟ್ಟಿದ್ದರೆ ಕಾಗದ ಹಾಳು ಎಂದು ಸುಮ್ಮನಾಗಬಹುದಿತ್ತು. ಆದರೆ ಕಿತ್ತಳೆ ಬೆಳೆಗಾರರ ಸಂಘದವರು ಭೂಪಟಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು. ಮುಂದಿನ ಜುಲೈ ಮಧ್ಯದಲ್ಲೇ ಮಾಂಡಾ, "ತಳಕ್ಕೆ ಉಪ್ಪು ಬಂದಿದೆ, ತೂಬು ಇಳಿಸ್ತೀನಿ" ಎಂದಳು. ಸಂಘದ ಕಾರ್ಯದರ್ಶಿ, "ಡಾಕ್ಟ್ರು ಹಾಗೆ ಹೇಳಿಲ್ವಲ್ಲ ಅಜ್ಜಿ" ಎಂದ. ತೂಬು ಸಂಘದ್ದು, ಅವಳದಲ್ಲ. ತೆರೆದೇ ಇತ್ತು. ಪಂಪುಗಳು ಹೀರುವುದು ತಳದಿಂದ. ಮೂರು ವಾರದಲ್ಲಿ ಕಿತ್ತಳೆ ಎಲೆಗಳ ತುದಿ ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಎಲೆ ಉದುರಿತು, ಗೋಲಿ ಗಾತ್ರದ ಕಾಯಿಗಳೂ ಉದುರಿದವು. ಆ ಸಾಲಿನ ಒಂಬತ್ತು ತೋಟ ಹೋಯಿತು. ಮಾಂಡಾಳದೂ ಅದರಲ್ಲಿ ಒಂದು. ಅವಳ ಗಂಡ ಬೆನ್ನ ಮೇಲೆ ಮಣ್ಣು ಹೊತ್ತು ಜೌಗು ತುಂಬಿಸಿ ನೆಟ್ಟ ಗಿಡಗಳು.

ಅಕ್ಟೋಬರಿನಲ್ಲಿ ನಾನು ಒಪುಜೆನ್ ಬಳಿಯ ನನ್ನ ತವರಿಗೆ ಹೋದಾಗ ಮಾಂಡಾಳ ಅಂಗಳದಲ್ಲಿ ಕೂತಿದ್ದೆ. ಅವಳು ಒಣಗಿದ ಕೊಂಬೆ ಗರಗಸದಲ್ಲಿ ಕೊಯ್ಯುತ್ತಿದ್ದಳು. ಅಷ್ಟರಲ್ಲಿ ಯೆರ್ಕೊ ಬಂದ. ಕ್ಷಮೆ ಕೇಳಲು ಬಂದ ಎಂದುಕೊಂಡೆ. ಅವನ ಕೈಯಲ್ಲಿ ಫಾರ್ಮುಗಳ ಕಟ್ಟಿತ್ತು. ಹೊಸ ಅಧ್ಯಯನವಂತೆ: ಬೆಳೆ ಕಳೆದುಕೊಂಡವರ ನಷ್ಟದ ಅನುಭವ.

"ಅಜ್ಜಿ, ಈ ನಷ್ಟದಿಂದ ನಿಮ್ಗಾದ ದುಃಖ ಒಂದರಿಂದ ಐದರೊಳಗೆ ಎಷ್ಟು?"

ಮಾಂಡಾ ಗರಗಸ ನಿಲ್ಲಿಸಿದಳು. "ಐದು ಅಂದ್ರೆ ಎಷ್ಟಪ್ಪ?"

"ಐದು ಅಂದ್ರೆ ತುಂಬಾ."

"ನನ್ ಗಂಡ ಸತ್ತಾಗ ಆಗಿದ್ದಕ್ಕೆ ಎಷ್ಟು ಹಾಕ್ತೀಯ?"

"ಅದು ಈ ಫಾರ್ಮಲ್ಲಿ ಬರಲ್ಲ ಅಜ್ಜಿ."

"ಹಾಗಾದ್ರೆ ಮೂರು ಬರ್ಕೋ. ನಡುವಿಂದು ಇದ್ರೆ ನಿಂಗೂ ತೊಂದ್ರೆ ಇಲ್ಲ."

ಅವನು ಮೂರು ಎಂದು ಬರೆದುಕೊಂಡ.

"ಇದಕ್ಕೆಲ್ಲ ಕಾರಣ ಏನು ಅನ್ಸುತ್ತೆ ನಿಮ್ಗೆ?"

"ನೀನು."

ಅವನು ಹಾಳೆ ನೋಡಿದ. "ಹವಾಮಾನ, ಸರ್ಕಾರ, ಮಾರುಕಟ್ಟೆ, ಇತರೆ. ಇಷ್ಟೇ ಇರೋದು ಅಜ್ಜಿ."

"ಇತರೆ ಹಾಕು."

ಹಾಕಿದ. ಎದ್ದು ಇಬ್ಬರಿಗೂ ವಂದನೆ ಹೇಳಿ ಪಕ್ಕದ ಮನೆಗೆ ಹೋದ. ಅವನ ಮುಖದಲ್ಲಿ ಅಳುಕು ಏನಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಬೇಗ ಮುಗಿಸುವ ಅವಸರವಿತ್ತು, ಅಷ್ಟೆ.

ಮರುದಿನ ನಾನು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ. ಸೀಸೆಗಳ ವಿಷಯ, ಅವನ ಮಾತು, ನನ್ನ ಸಹಿ, ಯಾವುದನ್ನೂ ಮುಚ್ಚಿಡಲಿಲ್ಲ. ಮೂವರ ಸಮಿತಿ ಎಂಟು ತಿಂಗಳು ಕೂತು, ಅಂತರ್‌ಶಿಸ್ತೀಯ ಪ್ರಬಂಧವನ್ನು ಯಾವುದೋ ಒಂದೇ ಶಾಸ್ತ್ರದ ಅಳತೆಗೋಲಿನಿಂದ ಅಳೆಯಲಾಗದು ಎಂದು ತೀರ್ಮಾನಿಸಿತು. ಪದವಿ ಉಳಿಯಿತು. ಸಹಿ ಹಾಕಿದ್ದಕ್ಕೆ ನನಗೆ ಲಿಖಿತ ಎಚ್ಚರಿಕೆ ಬಂತು. ಇಡೀ ಪ್ರಕರಣದಲ್ಲಿ ನ್ಯಾಯವಾಗಿ ಕೊಟ್ಟ ಶಿಕ್ಷೆ ಅದೊಂದೇ.

ಪತ್ರದ ಪ್ರತಿಯನ್ನು ಸಂಘಕ್ಕೂ ಕೊಟ್ಟಿದ್ದೆ. ಅವರು ಸಮಿತಿಗಾಗಿ ಕಾಯಲಿಲ್ಲ. ಭೂಪಟ ಇಳಿಸಿದರು, ಮಾಂಡಾ ತಳದ ನೀರು ನೋಡಿ ಹೇಳಿದ ದಿನವೇ ತೂಬು ಇಳಿಯಬೇಕೆಂದು ನಿರ್ಣಯ ಮಾಡಿದರು. ಅವಳು ಕಿತ್ತಳೆಯ ಜಾಗದಲ್ಲಿ ಒಂದಿಷ್ಟು ಉಪ್ಪನ್ನು ತಾಳಿಕೊಳ್ಳುವ ದಾಳಿಂಬೆ ಹಾಕಿದಳು. ಅದು ಫಲ ಕೊಡುವಾಗ ನೀನಿರುತ್ತೀಯೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಬೈಯುತ್ತಾಳೆ.

ಯೆರ್ಕೊ ಈಗ ಅದೇ ಸಂಸ್ಥೆಯ ಉಪನಿರ್ದೇಶಕ. ನಾಲ್ವರು ವಿದ್ಯಾರ್ಥಿಗಳಿಗೆ ಸಂಶೋಧನೆಯ ವಿಧಾನ ಕಲಿಸುತ್ತಾನೆ. ನಾನು ನಿವೃತ್ತಳಾದ ದಿನ ಅವನೇ ಭಾಷಣ ಮಾಡಿ, ನಿಖರತೆಗೆ ಇನ್ನೊಂದು ಹೆಸರು ನೆದಕ್ಕ ಎಂದು ಹೊಗಳಿ, ಹೂಗುಚ್ಛ ಕೊಟ್ಟ. ಎಲ್ಲರ ಎದುರು ತೆಗೆದುಕೊಂಡೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಅದನ್ನು ಬಿಟ್ಟು ಮನೆಗೆ ಬಂದೆ.