ಗಟ್ಟಿ ಹಲ್ಲು ಕೀಳಿಸಲು ಬಂದವನು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹಲ್ಲಿನ ತಪಾಸಣೆ ಶಿಬಿರವಿತ್ತು. ಡಾಕ್ಟರು ನಾನೇ. ಬಾಗಲಕೋಟೆ ಕಡೆಯ ಕೆಲಸಗಾರನೊಬ್ಬ ಬಂದು ಕೂತವನೇ ಕೆಳಗಿನ ಹಲ್ಲೊಂದನ್ನು ಮುಟ್ಟಿ ತೋರಿಸಿ, "ಇದನ್ನ ಕಿತ್ತುಬಿಡ್ರಿ ಮೇಡಂ" ಅಂದ. ಅಲ್ಲಾಡಿಸಿ ನೋಡಿದೆ, ಕಲ್ಲಿನಂತಿತ್ತು.

"ನೋವಿದೆಯಾ?"

"ಇಲ್ರೀ. ದಿನಾ ಕನಸಿನ್ಯಾಗ ಉದುರತೈತಿ. ಹಲ್ಲು ಉದುರಿದ ಕನಸು ಬಿದ್ರ ಮನ್ಯಾಗ ಸಾವು ಅಂತಾರ. ಹೋದ ವರ್ಷ ಕನಸಿನ್ಯಾಗ ಇದರ ಬಾಜೂದು ಉದುರಿತ್ತು, ಅಣ್ಣ ಸತ್ತ. ಈಗ ಊರಾಗ ಮಗಳು ಅದಾಳ್ರಿ. ನೀವು ಕಿತ್ತುಬಿಟ್ರ ಉದುರಾಕ ಹಲ್ಲೇ ಇರಂಗಿಲ್ಲ."

ನಗು ಬರಬೇಕಿತ್ತು. ಆದರೆ ಅವನ ಗದ್ದ ನನ್ನ ಕೈಯಲ್ಲಿ ನಡುಗುತ್ತಿತ್ತು. ಗಟ್ಟಿ ಹಲ್ಲು ಕೀಳುವಂತಿಲ್ಲ, ಕನಸಿಗೂ ಸಾವಿಗೂ ಸಂಬಂಧವೇ ಇಲ್ಲ ಎಂದು ಬಿಡಿಸಿ ಹೇಳಿದೆ.

"ನಿಮಗ ಆ ಕನಸು ಬಿದ್ದಿಲ್ಲ ಬಿಡ್ರಿ" ಎಂದು ಎದ್ದು ಹೋದ.

ಆ ವಾರವೇ ನನಗೂ ಆ ಕನಸು ಬಿತ್ತು. ಉಗುಳಿದಷ್ಟೂ ಬಾಯಿಂದ ಹಲ್ಲು ಬರುತ್ತಲೇ ಇದ್ದವು. ಬೆವೆತು ಎದ್ದು ಊರಿಗೆ, ಅಮ್ಮನಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ನನ್ನ ನಾಲಿಗೆ ತನ್ನಷ್ಟಕ್ಕೆ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿತ್ತು. ಕೊನೆಗೂ ಎತ್ತಿದಳು.

"ಇಷ್ಟು ಬೆಳಿಗ್ಗೆ ಏನೇ?"

"ಹಲ್ಲುಜ್ಜಿದ್ಯಾ ಅಂತ ಕೇಳೋಣ ಅಂತ ಮಾಡ್ದೆ" ಅಂದೆ.