ಹಾಲಿಗೆ ಕರೆಯದ ಆಲೆಮನೆ

ನನ್ನ ಮೊಮ್ಮಗಳ ಜೋನಿ ಬೆಲ್ಲ ಅವಳೇ ಕಾಯಿಸಿದ್ದು ಎಂದು ಇವತ್ತು ಊರಿಗೆ ಊರೇ ಒಪ್ಪಿತು. ಶಿರಸಿಯ ಅಂಗಡಿಯಮ್ಮ ಸ್ವತಃ ನಮ್ಮ ದಾಸನಕೊಪ್ಪಕ್ಕೆ ಬಂದು, ಕೊಪ್ಪರಿಗೆ ಪಕ್ಕ ನಿಂತು ನೋಡಿ, ಬಿಸಿ ಬೆಲ್ಲ ನೆಕ್ಕಿ, "ನಾಳೆಯಿಂದ ಬಾಟ್ಲಿ ಕಳಿಸು ಮಾರಾಯ್ತಿ" ಎಂದು ಹೇಳಿ ಹೋದರು. ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಕೂಡಿಸುವಷ್ಟರಲ್ಲಿ ಮಾತು ಮುಂದೆ ಓಡಿಹೋಗುತ್ತದೆ. ಆದರೂ ಬರೆಯುತ್ತೇನೆ, ಇಂಥ ದಿನ ಬರೆಯದೆ ಇನ್ಯಾವಾಗ ಬರೆಯಲಿ?

ಮೊಮ್ಮಗಳು ನನ್ನ ಮಗನ ಮಗಳು. ಓದು ಮುಗಿಸಿ ಬಂದು, ಅಪ್ಪ ಬೆಳೆಯುವ ಕಬ್ಬನ್ನು ಲಾರಿಗೆ ತುಂಬಿ ಕಳಿಸುವ ಬದಲು ನಾನೇ ಬೆಲ್ಲ ಮಾಡುತ್ತೇನೆ ಎಂದಳು. ಹೊಲದ ಅಂಚಿಗೆ ಒಂದು ಶೆಡ್ಡು ಎಬ್ಬಿಸಿದಳು. ನೊಣ ಬರದಂತೆ ಸುತ್ತ ಜಾಳಿಗೆ, ಒಳಗೆ ಸ್ಟೀಲಿನ ಕೊಪ್ಪರಿಗೆ, ತಲೆಗೆ ಟೊಪ್ಪಿಗೆ ಹಾಕದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಕಬ್ಬಿನ ಹಾಲು ಕುದಿದು ಗಟ್ಟಿಯಾಗುವ ಮೊದಲೇ, ಸೌಟಿನಿಂದ ಎಳೆ ಇಳಿಯುವ ಹದದಲ್ಲಿ ಒಲೆಯಿಂದ ಇಳಿಸಿದರೆ ಅದು ಜೋನಿ ಬೆಲ್ಲ. ಅದನ್ನು ಬಾಟಲಿಗೆ ತುಂಬಿ, 'ನಾವೇ ಬೆಳೆದು ನಾವೇ ಕಾಯಿಸಿದ್ದು' ಎಂದು ಚೀಟಿ ಹಚ್ಚಿ ಶಿರಸಿಯ ಅಂಗಡಿಗೆ ಕೊಡುತ್ತಿದ್ದಳು. ಅಂಗಡಿಯಮ್ಮ ಮೊದಲ ಸಲ ಬಾಟಲಿ ಇಟ್ಟುಕೊಂಡ ದಿನ ಹುಡುಗಿ ಬಸ್ಸಿಳಿದು ಮನೆತನಕ ಓಡುತ್ತಲೇ ಬಂದಿದ್ದಳು.

ಅಪವಾದ ಶುರುವಾದದ್ದು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ. ಅಂಗಡಿ ನಡೆಸುವ ಮುದುಕನನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಒಂದು ದಿನ ನಾನು ಸಂತೆಗೆ ಹೊರಟಾಗ ತಡೆದು ನಿಲ್ಲಿಸಿದ.

"ಏನವ್ವಾ, ನಿನ್ನ ಮಮ್ಮಗಳು ಬೆಲ್ಲ ಕಾಸ್ತಾಳೋ, ಬರೇ ಬಾಟ್ಲಿ ತುಂಬ್ತಾಳೋ?"

"ಕಾಸದೇ ಆಕಾಶದಿಂದ ಬೀಳ್ತೈತೇನೋ?"

"ಆಲೆಮನಿ ಅಂದ್ರ ಹಾಲಿಗೆ ಕರೀಬೇಕು. ಒಂದು ಲೋಟಕ್ಕರೆ ಯಾರನ್ನರ ಕರದಾಳೇನು? ಹ್ವಾದ ಮಳಿಗಾಲದಾಗ ಟೆಂಪೋದಿಂದ ಡ್ರಮ್ಮು ಇಳಿಸಿದ್ದಂತೂ ನಾ ಕಣ್ಣಾರೆ ನೋಡೀನಿ."

ಕಾಕಾ ಹೇಳಿದ್ದರಲ್ಲಿ ಅರ್ಧ ನಿಜ. ನಮ್ಮ ಕಡೆ ಗಾಣ ಹೂಡಿದವರು ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಕಬ್ಬಿನ ಹಾಲು ಕುಡಿಸುತ್ತಾರೆ. ಕೇಳಿದವರ ತಂಬಿಗೆಗೂ ತುಂಬಿ ಕೊಡುತ್ತಾರೆ. ಕರೆಯದ ಆಲೆಮನೆಯನ್ನು ನಾನೂ ಕಂಡಿರಲಿಲ್ಲ. ಡ್ರಮ್ಮಿನ ಮಾತು ಮಾತ್ರ ನನಗೆ ಹೊಸದು. ಆ ಮಳೆಗಾಲ ನಾನು ನಂದೊಳ್ಳಿಯಲ್ಲಿ, ತಂಗಿಯ ಸೊಸೆಯ ಬಾಣಂತನಕ್ಕೆ ಹೋಗಿದ್ದೆ.

ಅದೇ ವಾರ ಅಂಗಡಿಯಮ್ಮನ ಫೋನೂ ಬಂತು. "ನಾನು ನಿನ್ನ ನಂಬ್ತೆ. ಆದ್ರೆ ಗಿರಾಕಿ ಕೇಳ್ತಾರೆ, ಎಂತ ಹೇಳ್ಲಿ? ನಿಜ ತಿಳಿಯೂವರೆಗೆ ಬಾಟ್ಲಿ ಬೇಡ." ಮೊಮ್ಮಗಳು ಬೆಲ್ಲ ಕಾಯಿಸುವ ವಿಡಿಯೋ ಕಳಿಸಿದಳು. ವಿಡಿಯೋ ಯಾರು ಬೇಕಾದರೂ ಮಾಡಬಹುದು ಎಂದರಂತೆ. ಹುಡುಗಿ ಊಟ ಬಿಟ್ಟಳು. ಬೆಲ್ಲ ಹೋದರೆ ಇನ್ನೊಮ್ಮೆ ಕಾಯಿಸಬಹುದು, ಸುಳ್ಳುಗಾತಿ ಎಂಬ ಹೆಸರು ಬಂದರೆ ಆ ಶೆಡ್ಡಿಗೆ ಬೀಗವೇ ಗತಿ.

ನನ್ನ ಮಗನಿಗೋ ಹೊತ್ತು ಗೊತ್ತಿಲ್ಲದ ತಮಾಷೆ. ಫೋನು ನೋಡುತ್ತ, "ಅಮೆರಿಕದಾಗೂ ಹಿಂಗ ಐತಂತವ್ವ. ಬರ್ಬನ್ ಅಂತ ಒಂದು ವಿಸ್ಕಿ. ಸಣ್ಣ ಭಟ್ಟಿಯವ್ರು ನಾವ ಇಳಿಸಿದ್ದು ಅಂತ ಚೀಟಿ ಹಚ್ತಾರಂತ, ಒಳಗಿನ ಮಾಲು ದೊಡ್ಡ ಕಾರ್ಖಾನಿದಂತ," ಎಂದ.

"ಹೆತ್ತ ಮಗಳನ್ನ ಸೆರೆ ಕಾಸೋರ ಸಾಲಿಗೆ ಕೂರಸ್ತೀಯಲ್ಲೋ, ಮುಚ್ಚೋ ಬಾಯಿ," ಎಂದೆ. ಆದರೆ ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಮೊಮ್ಮಗಳ ಪಕ್ಕ ಹೋಗಿ ಕೂತೆ.

"ಮಗಳ, ಆ ಡ್ರಮ್ಮಿನಾಗ ಏನಿತ್ತು?"

"ಬೆಲ್ಲ ಅಜ್ಜಿ," ಎಂದಳು. ಅವಳು ಬಚ್ಚಿಡಲಿಲ್ಲ. "ನಮ್ಮ ಕಬ್ಬು ತೀರಿತ್ತು. ಹೇರೂರಿನ ಅತ್ತಿ ಆಲೆಮನಿಯಿಂದ ತರಿಸಿದ್ದೆ. ಆ ಬಾಟ್ಲಿಗೆ ನಾವ ಕಾಸಿದ್ದು ಅನ್ನೋ ಚೀಟಿ ಹಚ್ಚಿಲ್ಲ, ಹೇರೂರಿನ ಬೆಲ್ಲ ಅಂತ ಬ್ಯಾರೆ ಚೀಟಿ ಹಚ್ಚೀನಿ. ಎರಡೂ ಒಂದ ಸಾಲಿನಾಗ ಕೂತ್ರ ಯಾರು ಓದ್ತಾರ?"

ಹೇರೂರಿನ ಅತ್ತೆಯೆಂದರೆ ಸಿದ್ದಾಪುರದ ಕಡೆ ಕೊಟ್ಟ ನನ್ನ ಮಗಳು. ನನಗೆ ಉಸಿರು ಬಂತು.

"ಹಂಗಾರ ಜನಾನ ಕರದು ಹೇಳ. ಹಾಲಿಗೆ ಕರಿ."

"ನೂರು ಮಂದಿ ಕೆಸರುಗಾಲಿನಾಗ ಒಳಗ ಬಂದ್ರ ನನ್ನ ಶೆಡ್ಡು ಶೆಡ್ಡಾಗಿ ಉಳೀತೈತೇನು?" ಎಂದು ಎದ್ದು ಹೋದಳು. ಮರುದಿನ ನೋಡಿದರೆ ಗಾಣದಿಂದ ಒಂದು ಪೈಪು ಎಳೆದು ಹೊರಗೆ ಹುಣಸೆ ಮರದ ಬುಡಕ್ಕೆ ತಂದಿದ್ದಾಳೆ, ನಡುವೆ ಸೋಸುವ ಬಟ್ಟೆ ಬಿಗಿದಿದ್ದಾಳೆ. ಮನೆಮನೆಗೆ ತಾನೇ ಹೋಗಿ ಕರೆದಳು. ಚಹಾದಂಗಡಿಗೇ ಮೊದಲು ಹೋದಳಂತೆ.

ಇವತ್ತು ಬೆಳಿಗ್ಗೆ ಜನವೋ ಜನ. ಲೋಟ, ತಂಬಿಗೆ, ಹಾಲಿನ ಕ್ಯಾನು ಹಿಡಿದು ಬಂದರು. ಕಾಕಾ ಬಗಲಲ್ಲಿ ಒಂದು ಪಪ್ಪಾಯಿ ಕಾಯಿ ಇಟ್ಟುಕೊಂಡು ಬಂದ. ಕುದಿಯುವ ಹಾಲಿಗೆ ಇಳಿಬಿಟ್ಟು ಬೇಯಿಸಿ ತಿನ್ನುವುದು ಹಳೆಯ ಪದ್ಧತಿ. ಮೊಮ್ಮಗಳು ತನ್ನ ಕೊಪ್ಪರಿಗೆಗೆ ಬಿಡಲಿಲ್ಲ, ಹೊರಗೆ ಮೂರು ಕಲ್ಲು ಹೂಡಿ ಸಣ್ಣ ಬಾಣಲೆ ಇಟ್ಟಳು. ಕಾಕಾ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಜಾಳಿಗೆಗೆ ಮೂಗು ತಾಗಿಸಿ ಕಬ್ಬು ಅರೆಯುವುದನ್ನು ನೋಡಿದ, ಕುದಿಯುವ ಹಾಲಿನ ಮೇಲೆ ಬಂದ ಕೊಳೆ ತೆಗೆಯುವುದನ್ನು ನೋಡಿದ, ಕದಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯಮ್ಮ ಬಂದರು. ಟೊಪ್ಪಿಗೆ ಹಾಕಿಕೊಂಡು ಒಳಗೆ ಹೋಗಿ ಬೆಲ್ಲ ಇಳಿಸುವ ತನಕ ನಿಂತರು. ಹೊರಗೆ ಬಂದವರೇ ಎಲ್ಲರ ಎದುರು ಕೇಳಿದರು, "ಕಾಯಿಸೂದು ಕಂಡೆ. ಆ ಡ್ರಮ್ಮು ಎಂತದು?"

ಮೊಮ್ಮಗಳು ನನಗೆ ಹೇಳಿದ್ದನ್ನೇ ಅಷ್ಟೂ ಜನಕ್ಕೆ ಹೇಳಿದಳು. ಕೊನೆಗೆ, "ಇನ್ನ ಮ್ಯಾಲೆ ನಮ್ಮದು ತೀರಿದ್ರ ತೀರೇತಿ ಅಂತೀನಿ. ಅತ್ತಿ ಬೆಲ್ಲ ಅತ್ತಿ ಹೆಸರಿನಾಗ ಬ್ಯಾರೆ ಸಾಲಿನಾಗ ಇಡ್ರಿ," ಎಂದಳು.

ಕಾಕಾ ಬೆಂದ ಪಪ್ಪಾಯಿ ಹೋಳನ್ನು ಊದಿಕೊಂಡು ಬಾಯಿಗೆ ಹಾಕಿ, "ಬೆಲ್ಲ ಈಕೀದ ಹೌದ್ರಿ. ಹೊಗಿ ಕುಡದು ನನ್ನ ಕಣ್ಣು ಸಾಕ್ಷಿ ಹೇಳಾಕತ್ತಾವು," ಎಂದ. ಜನ ನಕ್ಕರು. ಅಂಗಡಿಯಮ್ಮನೂ ನಕ್ಕು, "ಡ್ರಮ್ಮಿನ ಸುದ್ದಿ ಮೊದಲೇ ನನಗೆ ಹೇಳಿದ್ರೆ ಇಷ್ಟೆಲ್ಲ ಇಲ್ಲಾಗಿತ್ತು," ಎಂದು ಅವಳ ಕೆನ್ನೆ ತಟ್ಟಿದರು. ಬಾಟಲಿ ಕಳಿಸು ಎಂದದ್ದು ಆಗಲೇ.

ಸಂಜೆ ಹೇರೂರಿನಿಂದ ಮಗಳು, ಅಳಿಯ ಬಂದರು. ಸೊಸೆ ದೋಸೆ ಹುಯ್ಯಲು ಕೂತಳು. ನಡುವೆ ಎರಡು ಬಟ್ಟಲು, ಒಂದರಲ್ಲಿ ನಮ್ಮ ಬೆಲ್ಲ, ಇನ್ನೊಂದರಲ್ಲಿ ಹೇರೂರಿನದು. ಅತ್ತೆಯ ಬೆಲ್ಲ, ಮೊಮ್ಮಗಳ ಬೆಲ್ಲ ಎರಡರಲ್ಲಿ ಯಾವುದು ರುಚಿ ಎಂದು ಅಳಿಯನನ್ನು ಕೇಳಿದರೆ, "ಇನ್ನೊಂದು ದ್ವಾಸಿ ತಿಂದು ಹೇಳ್ತೀನಿ," ಎನ್ನುತ್ತ ನಾಲ್ಕು ತಿಂದ. ಮೊಮ್ಮಗಳು ತುಪ್ಪ ಸುರಿದುಕೊಂಡು ಎರಡೂ ಬಟ್ಟಲಿಗೆ ದೋಸೆ ಅದ್ದಿ ತಿನ್ನುತ್ತಿದ್ದಳು. ನಾನು ಸೊಸೆಯ ಕೈಯಿಂದ ಸೌಟು ಕಿತ್ತುಕೊಂಡು ಅವಳನ್ನೂ ಎಲೆಗೆ ಕೂರಿಸಿದೆ. ಇನ್ನೆರಡು ಹುಯ್ದು, ಒಲೆಯ ಬೆಂಕಿ ಹಿಂದಕ್ಕೆಳೆದು, ನಾನೂ ಅವರ ನಡುವೆ ಜಾಗ ಮಾಡಿಕೊಂಡು ಉಣ್ಣಲು ಕೂತೆ.